ಪದಚರ್ಚೆ: ‘ರಿಫ್ಲೆಕ್ಟಿವ್ ಸೂಪರ್‌ವಿಷನ್’ಗೆ ‘ಮೇಲ್ವಿಚಾರಣೆ’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಪೀರ್ ಸಪೋರ್ಟ್ ವರ್ಕರ್‌ಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮನಸ್ಸಿನ ಕಾಯಿಲೆಯನ್ನೋ ಕುಡಿತದ ಚಟವನ್ನೋ ಸ್ವತಃ ಅನುಭವಿಸಿ, ಚೇತರಿಸಿಕೊಂಡು, ಈಗ ಅದೇ ಕಷ್ಟದಲ್ಲಿ ಇರುವವರಿಗೆ ಜೊತೆಯಾಗುವವರು ಇವರು. ಈ ಪದ್ಧತಿ ತೀರಾ ಹೊಸದೇನಲ್ಲ. 18ನೇ ಶತಮಾನದ ಕೊನೆಯಲ್ಲೇ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪ್ಯುಸೆಂ ಎಂಬಾತ ಗುಣವಾದ ರೋಗಿಗಳನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ. ಅವನೂ ಮೊದಲು ಅಲ್ಲಿಗೆ ರೋಗಿಯಾಗಿ ಬಂದವನೇ.

ನನ್ನ ತೊಡಕು ‘ರಿಫ್ಲೆಕ್ಟಿವ್ ಸೂಪರ್‌ವಿಷನ್’ ಎಂಬ ಮಾತಿನದು. ಈ ಕೆಲಸ ಮಾಡುವವರು ಆಗಾಗ ಒಬ್ಬ ಹಿರಿಯರ ಜೊತೆ ಕೂತು, ಮಾಡಿದ ಕೆಲಸವನ್ನು ನಿಧಾನವಾಗಿ ತಿರುಗಿ ನೋಡುತ್ತಾರೆ. ಅದರ ಹೆಸರು ಇದು. ನಿಘಂಟು ‘ಮೇಲ್ವಿಚಾರಣೆ’ ಎನ್ನುತ್ತದೆ. ಆದರೆ ಅಲ್ಲಿ ನಡೆಯುವುದೇ ಬೇರೆ. ಒಬ್ಬರು ಹೀಗೆ ಹೇಳುತ್ತಾರೆ ಅಂದುಕೊಳ್ಳಿ: “ಅವರು ಮಾತ್ರೆ ಬೇಡ ಅಂದ್ರು. ನನಗೆ ನನ್ನ ಹಳೇ ದಿನಗಳು ನೆನಪಾದವು. ಸುಮ್ನೆ ನನ್ನ ಕಥೆ ಹೇಳ್ತಾ ಕೂತುಬಿಟ್ಟೆ.” ಹಿರಿಯರು ತಪ್ಪು ಎಣಿಸುವುದಿಲ್ಲ. “ಆ ಕಥೆ ಅವರಿಗೆ ಬೇಕಿತ್ತಾ, ನಿಮಗೆ ಬೇಕಿತ್ತಾ?” ಎಂದು ಕೇಳಿ ಸುಮ್ಮನಾಗುತ್ತಾರೆ. ಉತ್ತರ ಹುಡುಕುವುದು ಇಬ್ಬರೂ ಸೇರಿ.

ಇದನ್ನು ‘ಮೇಲ್ವಿಚಾರಣೆ’ ಎಂದರೆ ಮೊದಲು ಕಿವಿಗೆ ಬೀಳುವುದು ‘ಮೇಲೆ’, ಆಮೇಲೆ ‘ವಿಚಾರಣೆ’. ವಿಚಾರಣೆ ನಡೆಯುವುದು ಠಾಣೆಯಲ್ಲಿ, ಕೋರ್ಟಿನಲ್ಲಿ. (ಕ್ಷೇಮ ವಿಚಾರಿಸುವುದೂ ಕನ್ನಡವೇ ಅನ್ನಿ. ಆದರೆ ‘-ಣೆ’ ಸೇರಿದ ಕೂಡಲೇ ಆ ಮೆದುತನ ಹೋಗುತ್ತದೆ.) ‘ಉಸ್ತುವಾರಿ’ ಇನ್ನೂ ದೂರ, ಅದು ಸಾಮಾನು ಸರಂಜಾಮಿಗೆ ಸರಿ. ಬ್ರಿಟನ್ನಿನಲ್ಲಿ ಕೌನ್ಸೆಲಿಂಗ್ ಕಲಿಸುತ್ತಿದ್ದ ಬ್ರಿಜಿಡ್ ಪ್ರಾಕ್ಟರ್ 1986ರಲ್ಲಿ ಸೂಪರ್‌ವಿಷನ್‌ಗೆ ಮೂರು ಕೆಲಸ ಹೇಳಿದರು: ಕೆಲಸ ನೆಟ್ಟಗಿದೆಯೇ ಎಂದು ನೋಡುವುದು, ಕಲಿಯಲು ನೆರವಾಗುವುದು, ದಣಿದವರಿಗೆ ಮತ್ತೆ ಕಸುವು ತುಂಬುವುದು. ನಮ್ಮ ‘ಮೇಲ್ವಿಚಾರಣೆ’ಯಲ್ಲಿ ಮೊದಲನೆಯದು ಮಾತ್ರ ಇದೆ.

ಬೇರೆ ಪದಗಳನ್ನೂ ನೋಡಿದೆ. ‘ಆತ್ಮಾವಲೋಕನ’ ಒಬ್ಬರೇ ಮಾಡಿಕೊಳ್ಳುವುದು, ಅದೂ ಸಾಮಾನ್ಯವಾಗಿ ಸೋತ ಮೇಲೆ. ಚುನಾವಣೆ ಮುಗಿದ ಮರುದಿನದ ಪತ್ರಿಕೆ ನೋಡಿದರೆ ಸಾಕು. ‘ಮೆಲುಕು’ ಎಷ್ಟು ಚಂದದ ಪದ! ಆದರೆ ಖಿನ್ನತೆಯಲ್ಲಿ ಒಂದೇ ಯೋಚನೆಯನ್ನು ಬಿಡದೆ ಮೆಲ್ಲುತ್ತಾ ಕೂರುವುದು ರೋಗದ ಒಂದು ಮುಖ. ಅದರಿಂದ ಹೊರಬಂದವರಿಗೆ “ಬನ್ನಿ, ಮೆಲುಕು ಹಾಕೋಣ” ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅರ್ಥದಲ್ಲಿ ತೀರಾ ಹತ್ತಿರ ಬರುವುದು ‘ಸಮಾಲೋಚನೆ’. ಕೂಡಿ ಆಲೋಚಿಸುವುದು ಅಂತಲೇ ತಾನೇ ಅದರ ಅರ್ಥ? ಆದರೆ ಕೌನ್ಸೆಲಿಂಗ್‌ಗೆ ಅದು ಆಗಲೇ ಮುಡಿಪಾಗಿದೆ. ಇಲ್ಲಿ ಅದನ್ನು ಬಳಸಿದರೆ ಬರೀ ಗೊಂದಲವಲ್ಲ, ಅಪಾಯವೇ ಇದೆ. ಈ ಕೆಲಸದಲ್ಲಿ ಇರುವವರ ದೊಡ್ಡ ದೂರು ಒಂದುಂಟು: ಸ್ವಲ್ಪ ಬೇಜಾರಿನಲ್ಲಿ ಕಂಡರೂ ಸಾಕು, ಮೇಲಿನವರು “ಮಾತ್ರೆ ತಗೊಳ್ತಿದ್ದೀರಾ?” ಎಂದು ಕೇಳುತ್ತಾರೆ. ಬೇರೆ ನೌಕರರಿಗೆ ಬೇಜಾರಾದರೆ ರಜೆ ಹಾಕಿ ಅನ್ನುತ್ತಾರೆ, ಇವರಿಗಾದರೆ ಕಾಯಿಲೆ ಮರುಕಳಿಸಿತೇ ಎಂಬ ಗುಮಾನಿ! ‘ಇವತ್ತು ನಿಮ್ಮ ಸಮಾಲೋಚನೆ ಇದೆ’ ಎಂದರೆ ಅವರನ್ನು ಮತ್ತೆ ರೋಗಿಯ ಕುರ್ಚಿಯಲ್ಲಿ ಕೂರಿಸಿದಂತೆಯೇ, ಅಲ್ವಾ?

ಇಂಟೆನ್ಷನಲ್ ಪೀರ್ ಸಪೋರ್ಟ್ ಎಂಬ ಪಂಥದವರು ಸೂಪರ್‌ವಿಷನ್ ಬದಲು ‘ಕೋ-ರಿಫ್ಲೆಕ್ಷನ್’ (ಜೊತೆಗೂಡಿ ತಿರುಗಿ ನೋಡುವುದು) ಎನ್ನುತ್ತಾರೆ. ಅದೇ ದಾರಿಯಲ್ಲಿ ನಾನು ‘ಸಹಾವಲೋಕನ’ ಎಂದು ಬರೆದುಕೊಂಡಿದ್ದೇನೆ. ಆಡುಮಾತಿನಲ್ಲಿ “ನಾಳೆ ಅವಲೋಕನಕ್ಕೆ ಕೂರೋಣ” ಅಂದರೂ ನಡೆಯುತ್ತದೆ. ನನಗಿದು ಹಿಡಿಸಿದೆ. ಆದರೆ ಹಿರಿಯರ ಹೊಣೆ ಈ ಪದದಲ್ಲಿ ಮರೆಯಾಗುತ್ತದೆ. ಯಾರಾದರೂ ಸಾಯುವ ಮಾತಾಡಿದರು ಎಂದು ವರ್ಕರ್ ತಿಳಿಸಿದಾಗ ಅವಲೋಕನ ಮಾಡುತ್ತಾ ಕೂರಲಾಗದು. ಮುಂದಿನ ಹೆಜ್ಜೆ ಏನೆಂದು ಆಗಲೇ ಹೇಳಬೇಕು. ಅಮೆರಿಕದಲ್ಲಿ ಬಡವರ ಚಿಕಿತ್ಸೆಯ ಖರ್ಚು ನೋಡಿಕೊಳ್ಳುವ ಸರ್ಕಾರಿ ಯೋಜನೆ ಮೆಡಿಕೇಡ್ 2007ರಲ್ಲಿ ಪೀರ್ ಸಪೋರ್ಟ್ ಸೇವೆಗೆ ಹಣ ಕೊಡಲು ಸೂಪರ್‌ವಿಷನ್ ಇರಲೇಬೇಕು ಎಂದಿತು. ಅಂಥ ಕಡೆ ‘ಮೇಲ್ವಿಚಾರಣೆ’ಯೇ ಸರಿ. ಹಾಗಾಗಿ ನಿಯಮದ ಮಾತು ಬಂದಲ್ಲಿ ‘ಮೇಲ್ವಿಚಾರಣೆ’, ಕೂತು ಮಾತಾಡುವುದಕ್ಕೆ ‘ಸಹಾವಲೋಕನ’ ಎಂದು ಎರಡನ್ನೂ ಇಟ್ಟುಕೊಳ್ಳುವ ಯೋಚನೆ ಇದೆ. ಓದುವವರಿಗೆ ಇವು ಎರಡು ಬೇರೆ ಬೇರೆ ಸಂಗತಿ ಅನಿಸಿಬಿಟ್ಟರೆ ಎಂಬ ಅಳುಕೂ ಇದೆ.

ಇನ್ನೊಂದು ಸಣ್ಣ ಪ್ರಶ್ನೆ, ‘ಲಿವ್ಡ್ ಎಕ್ಸ್‌ಪೀರಿಯೆನ್ಸ್’, ಅಂದರೆ ಕಾಯಿಲೆಯನ್ನೋ ಚಟವನ್ನೋ ತಾನೇ ಅನುಭವಿಸಿ ತಿಳಿದದ್ದು. ‘ಜೀವಂತ ಅನುಭವ’ ಎಂದು ಬರೆದವರಿದ್ದಾರೆ, ದಯವಿಟ್ಟು ಬೇಡ. ‘ಅನುಭವಸ್ಥರು’ ಅಂದರೆ ಸರ್ವಿಸ್ ಜಾಸ್ತಿ ಆದವರು. ಸದ್ಯಕ್ಕೆ ‘ಸ್ವಾನುಭವ’ ಇಟ್ಟಿದ್ದೇನೆ, ಪರವಾಗಿಲ್ಲ.

ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರಗಳ ಒಡನಾಟ ಇರುವವರು ಹೇಳಿ: ಹೀಗೆ ಕೂರುವುದಕ್ಕೆ ಅಲ್ಲಿಯವರು ತಮ್ಮತಮ್ಮಲ್ಲಿ ಏನನ್ನುತ್ತಾರೆ? ‘ಮೀಟಿಂಗ್’ ಎಂದಷ್ಟೇ ಅನ್ನುತ್ತಿದ್ದರೂ ತಿಳಿಸಿ. ಮತ್ತೆ, ‘ಸಹಾವಲೋಕನ’ ನಡೆಸುವ ಹಿರಿಯರನ್ನು ಏನೆಂದು ಕರೆಯೋಣ? ‘ಸಹಾವಲೋಕಕ’ ನನ್ನ ನಾಲಿಗೆಯಲ್ಲೇ ಹೊರಳುತ್ತಿಲ್ಲ.