ಅಪ್‌ಡೇಟ್: ತೂಕದ ಪ್ರೋಗ್ರಾಂನಿಂದ ಬಿಲ್ಲಿಗೆ ಸಂದೇಶ ಈಗ ಸರಿಯಾಗಿ ಬರುತ್ತಿದೆ

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಪ್ರಶ್ನೆ ಇದಾಗಿತ್ತು: ಶಿರಸಿಯ ಅಡಿಕೆ ವಖಾರಿಯೊಂದರ ಲಿನಕ್ಸ್ ಯಂತ್ರದಲ್ಲಿ ತೂಕ ಓದುವ ಪ್ರೋಗ್ರಾಂ ಒಂದು, ಬಿಲ್ ಮುದ್ರಿಸುವುದು ಇನ್ನೊಂದು, ನಡುವೆ ಪೋಸಿಕ್ಸ್ ಮೆಸೇಜ್ ಕ್ಯೂ (ಒಂದು ಪ್ರೋಗ್ರಾಂನ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವ ಸರತಿ ಸಾಲು). ಸಂದೇಶ ಬರೀ 64 ಬೈಟ್ ಇದ್ದರೂ ಬಿಲ್ ಕಡೆ ‘ಮೆಸೇಜ್ ಟೂ ಲಾಂಗ್’ ಎರರ್.

ಕ್ಯೂವಿನಿಂದ ಸಂದೇಶ ತೆಗೆಯುವ ಫಂಕ್ಷನ್ ಎಂಕ್ಯೂ_ರಿಸೀವ್ (mq_receive), ಬಂದ ಸಂದೇಶದ ಉದ್ದ ನೋಡುವುದೇ ಇಲ್ಲ. ಸಂದೇಶ ಇಳಿಸಿಕೊಳ್ಳಲು ಕೊಟ್ಟ ಬಫರ್ (ಮೆಮರಿಯ ಜಾಗ) ಕ್ಯೂವಿನ ಗರಿಷ್ಠ ಸಂದೇಶದ ಅಳತೆಗಿಂತ ಚಿಕ್ಕದಿದ್ದರೆ ಸೀದಾ ಎರರ್ ಕೊಡುತ್ತದೆ. ಅಳತೆ ಹೇಳದೆ ಸೃಷ್ಟಿಸಿದ ಕ್ಯೂವಿಗೆ ಲಿನಕ್ಸ್ ಸಾಮಾನ್ಯವಾಗಿ 8192 ಬೈಟ್ ಇಡುತ್ತದೆ. ಕೋಡ್‌ನಲ್ಲಿ ಆಮೇಲೆ 64 ಎಂದು ಬರೆದರೂ ಪ್ರಯೋಜನವಿಲ್ಲ: ಆ ಹೆಸರಿನ ಕ್ಯೂ ಮೊದಲೇ ಇದ್ದರೆ ಕ್ಯೂ ತೆರೆಯುವ ಎಂಕ್ಯೂ_ಓಪನ್ ಹೊಸ ಅಳತೆಯನ್ನು ಮೂಸಿಯೂ ನೋಡುವುದಿಲ್ಲ. ಪ್ರೋಗ್ರಾಂ ನಿಂತರೂ ಕ್ಯೂ ಉಳಿದಿರುತ್ತದೆ. ಎಂಕ್ಯೂ_ಅನ್‌ಲಿಂಕ್ ಮಾಡಿ (ಹಳೆಯ ಕ್ಯೂ ಅಳಿಸಿ) ಹೊಸದಾಗಿ ಸೃಷ್ಟಿಸಿದಾಗಲೇ 64 ಜಾರಿಗೆ ಬಂತು. ಹೆಸರು ಸ್ಲ್ಯಾಶ್‌ನಿಂದ ಶುರುವಾಗಬೇಕು, ಒಳಗೆ ಇನ್ನೊಂದು ಸ್ಲ್ಯಾಶ್ ಇರಬಾರದು.

ತೂಕದ ಪ್ರೋಗ್ರಾಂ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದ್ದುದಕ್ಕೆ ಕಾರಣ ಬೇರೆ. ಕ್ಯೂ ಹಿಡಿಯುವುದು 10 ಸಂದೇಶ. ಪ್ರಿಂಟರ್‌ನಲ್ಲಿ ಕಾಗದ ಮುಗಿದು ಬಿಲ್ ಪ್ರೋಗ್ರಾಂ ಸಂದೇಶ ತೆಗೆಯುವುದು ನಿಂತರೆ ಹನ್ನೊಂದನೆಯದನ್ನು ಕಳಿಸುವಾಗ ಎಂಕ್ಯೂ_ಸೆಂಡ್ ಕಾಯುತ್ತಾ ನಿಲ್ಲುತ್ತದೆ. ಈಗ ಗೊತ್ತುಮಾಡಿದ ಹೊತ್ತಿನವರೆಗಷ್ಟೇ ಕಾಯುವ ಎಂಕ್ಯೂ_ಟೈಮ್ಡ್‌ಸೆಂಡ್ ಹಾಕಿ, ಅವಧಿ ಮೀರಿದರೆ ಪರದೆಯ ಮೇಲೆ ಎಚ್ಚರಿಕೆ ತೋರಿಸುವಂತೆ ಮಾಡಿದೆ. ಅದಕ್ಕೆ ಕೊಡಬೇಕಾದ್ದು ‘ಇಷ್ಟು ಸೆಕೆಂಡ್’ ಅಲ್ಲ, ಯಾವ ಹೊತ್ತಿನವರೆಗೆ ಕಾಯಬೇಕೆಂಬ ಗಡಿಯಾರದ ಪೂರ್ಣ ಸಮಯ. ಇದು ಬಹಳ ಮುಖ್ಯ.

ಇನ್ನು ಮಳೆಗಾಲ. ಕರೆಂಟ್ ಹೋದರೆ ಕ್ಯೂವಿನಲ್ಲಿದ್ದ ತೂಕವೂ ಹೋಗುತ್ತದೆ, ಅದು ಇರುವುದು ಮೆಮರಿಯಲ್ಲಿ. ಹಾಗಾಗಿ ಪ್ರತಿ ಚೀಲದ ತೂಕವನ್ನು ಮೊದಲು ಫೈಲ್‌ಗೆ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ಡಿಸ್ಕ್ ಸೇರುವಂತೆ ಮಾಡಿ), ನಂತರವೇ ಕ್ಯೂವಿಗೆ ಕಳಿಸುತ್ತಿದ್ದೇನೆ.