ನೆಲದಡಿಯ ತಂಪಿನಿಂದ ಗಾಳಿಯ ನೀರು: ‘ಘನೀಕರಣ’ವೋ, ‘ಹನಿಗಟ್ಟುವಿಕೆ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಬಿಸಿ ಗಾಳಿಯನ್ನು ನೆಲದಲ್ಲಿ ಹೂತ ಕೊಳವೆಗಳ ಮೂಲಕ ಹಾಯಿಸಿ, ಮಣ್ಣಿನ ತಂಪಿನಿಂದಲೇ ಅದರಲ್ಲಿರುವ ನೀರಾವಿಯನ್ನು ನೀರಾಗಿಸುವ ವಿಧಾನದ ಕುರಿತ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಆಸ್ಟ್ರೇಲಿಯಾದ ಎಡ್ವರ್ಡ್ ಲಿನೇಕರ್ ಅವರಿಗೆ 2011ರಲ್ಲಿ ಜೇಮ್ಸ್ ಡೈಸನ್ ಪ್ರಶಸ್ತಿ ತಂದುಕೊಟ್ಟ ‘ಏರ್‌ಡ್ರಾಪ್’ ಈ ಬಗೆಯದು. ಗಾಳಿಯ ಬಲದಿಂದ ತಿರುಗುವ ಟರ್ಬೈನು ಒಳಕ್ಕೆ ತಳ್ಳಿದ ಗಾಳಿ ಮಣ್ಣಿನಷ್ಟೇ ತಣ್ಣಗಾಗುತ್ತದೆ. ಆಗ ಮೂಡಿದ ನೀರು ತೊಟ್ಟಿಗಿಳಿದು, ಅಲ್ಲಿಂದ ಗಿಡಗಳ ಬೇರಿಗೆ ಹೋಗುತ್ತದೆ.

ನೀರಾವಿ ಹೀಗೆ ನೀರಾಗುವುದನ್ನು ಲೇಖಕರು ಉದ್ದಕ್ಕೂ ‘ಘನೀಕರಣ’ ಎಂದಿದ್ದಾರೆ. ನೀರು ಮಂಜುಗಡ್ಡೆಯಾಗುವುದಕ್ಕೂ ಇದೇ ಪದ ಬಳಕೆಯಲ್ಲಿರುವುದರಿಂದ, ‘ಕೊಳವೆಯಲ್ಲಿ ಘನೀಕರಣ ನಡೆಯುತ್ತದೆ’ ಎಂಬ ವಾಕ್ಯವನ್ನು ಓದಿದವರು ಕೊಳವೆಯೊಳಗೆ ಮಂಜುಗಡ್ಡೆ ಕಟ್ಟಿತೆಂದು ತಿಳಿದರೆ ಅವರನ್ನು ದೂರುವಂತಿಲ್ಲ. ಪಠ್ಯಪುಸ್ತಕಗಳ ‘ಸಾಂದ್ರೀಕರಣ’ ಇದಕ್ಕಿಂತ ಮೇಲು, ಆದರೆ ದ್ರಾವಣವನ್ನು ಗಾಢವಾಗಿಸುವ ಅರ್ಥವೂ ಅದಕ್ಕಿದೆ. ‘ದ್ರವೀಕರಣ’ವಂತೂ ಅಡುಗೆ ಅನಿಲದ ಸಿಲಿಂಡರನ್ನೇ ನೆನಪಿಸುತ್ತದೆ.

ಆಡುಮಾತಿನಲ್ಲಿ ‘ತಣ್ಣೀರಿನ ಚೊಂಬು ಬೆವರಿದೆ’ ಎನ್ನುತ್ತೇವೆ. ಮಾತು ಸೊಗಸಾಗಿದೆ, ತೊಡಕೆಂದರೆ, ಬೆವರು ಒಳಗಿನಿಂದ ಬರುವಂಥದ್ದು, ಚೊಂಬಿನ ಮೈಮೇಲಿನ ನೀರಾದರೋ ಹೊರಗಿನ ಗಾಳಿಯದು. ಈ ಲೇಖನ ವಿವರಿಸಬೇಕಾದ ಸಂಗತಿಯೇ ಅದಾದ್ದರಿಂದ ಈ ಪದವನ್ನು ಒಲ್ಲದ ಮನಸ್ಸಿನಿಂದ ಬಿಟ್ಟಿದ್ದೇನೆ.

ಹೀಗಾಗಿ ನನ್ನ ಒಲವು ‘ಹನಿಗಟ್ಟು’ ಎಂಬುದರತ್ತ. ‘ಹೆಪ್ಪುಗಟ್ಟು’ವಿಗೆ ಅದು ಒಳ್ಳೆಯ ಜೋಡಿ, ಎರಡೂ ಬೆರೆತುಹೋಗುವ ಭಯವಿಲ್ಲ. ಆದರೆ ಒಂದು ಕಿಲೋ ನೀರಾವಿ ನೀರಾಗುವಾಗ ಸುಮಾರು 2,450 ಕಿಲೋಜೂಲ್ ಶಾಖ ಮಣ್ಣಿಗೆ ಸೇರಿ, ಕೊಳವೆಯ ಸುತ್ತಲಿನ ಮಣ್ಣೇ ಬಿಸಿಯೇರುವುದು ಈ ವಿಧಾನದ ಮುಖ್ಯ ಮಿತಿಗಳಲ್ಲೊಂದು. ಹೀಗೆ ಹೊರಬರುವ ಶಾಖವೇ ಗುಪ್ತೋಷ್ಣ. ಅದನ್ನು ಹೇಳಹೊರಟರೆ ‘ಹನಿಗಟ್ಟುವಿಕೆಯ ಗುಪ್ತೋಷ್ಣ’ ಎಂದು ಮತ್ತೆ ಮತ್ತೆ ಬರೆಯಬೇಕಾಗುತ್ತದೆ. ಇದು ಕಿವಿಗೆ ಒರಟೆನಿಸುವುದೇ?

ಎರಡನೆಯ ಪ್ರಶ್ನೆ ‘ಇಬ್ಬನಿ ಬಿಂದು’ವಿನದು, ಎಂದರೆ ಗಾಳಿ ತಣಿಯುತ್ತ ಹೋದಂತೆ ಅದರ ನೀರಾವಿ ನೀರಾಗತೊಡಗುವ ಉಷ್ಣತೆಯದು. 30 ಡಿಗ್ರಿ ಸೆಲ್ಸಿಯಸ್ಸಿನ ಗಾಳಿ ಘನಮೀಟರಿಗೆ ಹೆಚ್ಚೆಂದರೆ 30 ಗ್ರಾಂನಷ್ಟು ನೀರಾವಿಯನ್ನು ಹಿಡಿದೀತು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ಮಣ್ಣು ಈ ಬಿಂದುವಿಗಿಂತ ತಣ್ಣಗಿದ್ದರೆ ಮಾತ್ರ ನೀರು ಸಿಗುತ್ತದೆ. ಕೆಲವು ಮೀಟರು ಆಳದ ಮಣ್ಣು ಆ ಊರಿನ ವಾರ್ಷಿಕ ಸರಾಸರಿ ಉಷ್ಣತೆಯ ಆಸುಪಾಸಿನಲ್ಲಿ ಇರುವುದರಿಂದ, ಗಾಳಿಯ ಇಬ್ಬನಿ ಬಿಂದು ಸಾಮಾನ್ಯವಾಗಿ ಆ ಸರಾಸರಿಗಿಂತ ಕೆಳಗೇ ಇರುವ ಬೆಂಗಳೂರಿನಂಥ ಊರಿನಲ್ಲಿ ಕೊಳವೆ ಬಹುಪಾಲು ಒಣಗಿಯೇ ಇದ್ದೀತು. ಕೆಲವರು ‘ತುಷಾರ ಬಿಂದು’ ಎನ್ನುತ್ತಾರೆ. ತುಷಾರಕ್ಕೆ ಹಿಮವೆಂಬ ಅರ್ಥವೂ ಇರುವುದರಿಂದ ನನಗದು ಒಪ್ಪಿಗೆಯಿಲ್ಲ.

ಗಾಳಿಯ ತೇವದಿಂದ ನೀರು ಪಡೆಯಲು ಕಟ್ಟಿದ ರಚನೆಗೆ ‘ಗಾಳಿಬಾವಿ’ ಎಂಬುದನ್ನೂ ಲೇಖಕರು ಬಳಸಿದ್ದಾರೆ. ಬೆಲ್ಜಿಯಮ್ಮಿನ ಅಶೀಲ್ ಕ್ನಾಪೆನ್ 1930ರ ಸುಮಾರಿಗೆ ಫ್ರಾನ್ಸಿನ ತ್ರಾನ್ಸ್-ಆನ್-ಪ್ರೊವಾನ್ಸ್‌ನಲ್ಲಿ ಕಟ್ಟಿಸಿದ್ದು ನೆಲದ ಮೇಲೆ ನಿಂತ, 14 ಮೀಟರು ಎತ್ತರದ ದಪ್ಪಗೋಡೆಯ ಗೋಪುರ. ನಿರೀಕ್ಷಿಸಿದಷ್ಟು ನೀರು ಅದರಿಂದ ಬರಲಿಲ್ಲ. ತೋಡದೆ ಕಟ್ಟಿದ್ದನ್ನು ಕನ್ನಡದಲ್ಲಿ ಬಾವಿ ಎನ್ನಬಹುದೇ?

ಕೊನೆಯದಾಗಿ, ನೀಲಗಿರಿ ಎಣ್ಣೆಯನ್ನು ಭಟ್ಟಿ ಇಳಿಸುವವರು ಆವಿ ತಣಿದು ಎಣ್ಣೆಯಾಗುವ ಹಂತಕ್ಕೆ ತಮ್ಮದೇ ಪದವೊಂದನ್ನು ಇಟ್ಟುಕೊಂಡಿರಬಹುದು. ಬಲ್ಲವರು ಅದನ್ನು, ಯಾವ ಸೀಮೆಯ ಬಳಕೆಯೆಂಬುದರೊಂದಿಗೆ, ತಿಳಿಸಬೇಕೆಂದು ಕೋರುತ್ತೇನೆ.