ಹಳೇ ಪಾತ್ರೆಯ ತಳ ಸೀದು ಹೋಗಿದೆ, ಹಾಳಾಗದ ಹಾಗೆ ಬಿಡಿಸುವುದು ಹೇಗೆ?

ನಮ್ಮಜ್ಜಿ ಬಳಸುತ್ತಿದ್ದ ಪಾತ್ರೆ. ನಿನ್ನೆ ಹಾಲು ಕಾಯಲು ಇಟ್ಟು ಮರೆತೇಬಿಟ್ಟೆ. ತಳದಲ್ಲಿ ಕರಿ ಗಟ್ಟಿಯಾಗಿ ಕೂತಿದೆ, ಉಗುರಲ್ಲಿ ಕೆರೆದರೂ ಬರುತ್ತಿಲ್ಲ. ಬೂದು ಬಣ್ಣ, ಯಾವ ಲೋಹ ಅಂತ ಗೊತ್ತಿಲ್ಲ. ಎಸೆಯಲು ಮನಸ್ಸು ಬರುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

—

ಮೊದಲು ಉಜ್ಜುವುದು ನಿಲ್ಲಿಸಿ. ಯಾವ ಲೋಹ ಅಂತ ಗೊತ್ತಾಗುವ ತನಕ ನೀರು ಬಿಟ್ಟು ಬೇರೇನೂ ಹಾಕಬೇಡಿ. ನಾನು ಒಂದು ಪಾತ್ರೆ ಕಳೆದುಕೊಂಡೇ ಇದನ್ನು ಕಲಿತದ್ದು. ನಮ್ಮಮ್ಮನ ಅಲ್ಯೂಮಿನಿಯಂ ಪಾತ್ರೆ ಹೀಗೇ ಸೀದಿತ್ತು, ಜಿಡ್ಡು ಚೆನ್ನಾಗಿ ಬಿಡುತ್ತೆ ಅಂತ ವಾಷಿಂಗ್ ಸೋಡಾ ಹಾಕಿ ಬಿಸಿನೀರು ಸುರಿದು ರಾತ್ರಿಯಿಡೀ ಬಿಟ್ಟೆ. ತಳದಿಂದ ಸಣ್ಣ ಗುಳ್ಳೆ ಏಳುತ್ತಿದ್ದವು, ಕರಿ ಬಿಡುತ್ತಿದೆ ಅಂದುಕೊಂಡೆ. ಅದು ಹೈಡ್ರೋಜನ್, ಸೋಡಾ ಲೋಹವನ್ನೇ ತಿನ್ನುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಕಪ್ಪು, ಬೆರಳಾಡಿಸಿದರೆ ಉಪ್ಪುಕಾಗದದ ಹಾಗೆ ಒರಟು, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಂಡಿ. ಕಾಸ್ಟಿಕ್ ಸೋಡಾ ಇನ್ನೂ ಕೆಟ್ಟದು, ಕೈ ಕಣ್ಣು ಎರಡನ್ನೂ ಸುಡುತ್ತೆ.

ಒಂದು ಅಯಸ್ಕಾಂತ ತಗೊಂಡು ಅಂಟಿಸಿ ನೋಡಿ. ಗಟ್ಟಿಯಾಗಿ ಹಿಡಿದು, ಪಾತ್ರೆ ಭಾರವೂ ಇದ್ದರೆ ಕಬ್ಬಿಣ ಇರಬಹುದು. ಅಂಟದೆ, ಹಗುರವಾಗಿ, ಮಂಕಾಗಿದ್ದರೆ ಬಹುತೇಕ ಅಲ್ಯೂಮಿನಿಯಂ. ಸ್ಟೀಲ್ ಮಾತ್ರ ಕೆಲವು ಅಂಟುತ್ತೆ, ಕೆಲವು ಅಂಟಲ್ಲ, ಅದನ್ನು ಹೊಳಪಿನಲ್ಲೇ ಗುರುತಿಸಬೇಕು.

—

ಅಯಸ್ಕಾಂತ ಅಂಟಲಿಲ್ಲ. ತುಂಬಾ ಹಗುರ ಇದೆ. ಹಾಗಾದರೆ ಅಲ್ಯೂಮಿನಿಯಂ ಅಲ್ವಾ? ಅಡಿಗೆ ಸೋಡಾ ಮತ್ತು ವಿನೆಗರ್ ಎರಡೂ ಸೇರಿಸಿ ಹಾಕಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ.

—

ಎರಡನ್ನೂ ಸೇರಿಸಬೇಡಿ. ನೊರೆ ನೋಡಲು ಜೋರಾಗಿರುತ್ತೆ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರೇ. ಅಲ್ಯೂಮಿನಿಯಂಗೆ ಹುಳಿ ಸಾಕು. ಕರಿ ಮುಳುಗುವಷ್ಟು ನೀರು ಹಾಕಿ, ಒಂದು ನಿಂಬೆಹಣ್ಣು ಹೆಚ್ಚಿ ಹಾಕಿ, ಸಣ್ಣ ಉರಿಯಲ್ಲಿ 10–15 ನಿಮಿಷ ಕುದಿಸಿ. ಕುದಿಯುತ್ತಿರುವಾಗಲೇ ಮರದ ಸೌಟಿನ ಅಂಚಿನಿಂದ ಮೆಲ್ಲಗೆ ತಳ್ಳಿ ನೋಡಿ. ಮೊದಲು ಅಂಚಿನಲ್ಲಿ ಕರಿ ಸುರುಳಿಯ ಹಾಗೆ ಏಳುತ್ತೆ, ಆ ಸಂದಿಗೆ ಸೌಟು ತೂರಿಸಿದರೆ ಹಕ್ಕಳೆ ಹಕ್ಕಳೆಯಾಗಿ ಬಿಡುತ್ತೆ. ಬರದಿದ್ದರೆ ಜೋರು ಮಾಡಬೇಡಿ, ಆ ನೀರು ಚೆಲ್ಲಿ ಇನ್ನೊಂದು ಸಲ ಕುದಿಸಿ. ನನಗೆ ಒಮ್ಮೆ ಮೂರು ಸಲ ಬೇಕಾಯಿತು. ಹುಳಿನೀರನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ, ಕೆಲಸ ಆದ ತಕ್ಷಣ ತೊಳೆದುಬಿಡಿ.

ಅಡಿಗೆ ಸೋಡಾ ಕುದಿಸುವುದು ಸ್ಟೀಲ್ ಪಾತ್ರೆಗೆ. ಎರಡು ಚಮಚ ಹಾಕಿ ಕುದಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಸ್ಪಂಜಿಗೇ ಬರುತ್ತೆ.

ಇನ್ನೊಂದು, ಕಾದ ಪಾತ್ರೆಗೆ ತಣ್ಣೀರು ಸುರಿಯಬೇಡಿ. ತೆಳು ಪಾತ್ರೆಯ ತಳ ಸೊಟ್ಟಗಾಗುತ್ತೆ, ಬೀಡಿನ (ಎರಕದ ಕಬ್ಬಿಣದ) ಪಾತ್ರೆಯಾದರೆ ಬಿರುಕು ಬಿಡುತ್ತೆ. ಕರಿ ಸುಟ್ಟುಹೋಗಲಿ ಅಂತ ಖಾಲಿ ಪಾತ್ರೆಯನ್ನು ಒಲೆ ಮೇಲೆ ಕಾಯಿಸುವುದಂತೂ ಬೇಡವೇ ಬೇಡ.

—

ಬೀಡಿನ ಬಾಣಲೆ ಇರುವವರಿಗೆ ಒಂದು ಮಾತು, ಮೇಲೆ ಹೇಳಿದ ನಿಂಬೆ ಅದಕ್ಕೆ ಆಗಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದು ಕೂತ ಪದರ ಹುಳಿಗೆ ಕಿತ್ತು ಬರುತ್ತೆ. ನೆನೆಸಿಡುವುದೂ ಬೇಡ, ತುಕ್ಕು ಹಿಡಿಯುತ್ತೆ. ಸ್ವಲ್ಪ ನೀರು ಕುದಿಸಿ, ಮರದ ಸೌಟಿನಲ್ಲಿ ಹೆರೆದು, ಉಳಿದದ್ದಕ್ಕೆ ಹರಳುಪ್ಪು ಹಾಕಿ ಬಟ್ಟೆಯಲ್ಲಿ ತಿಕ್ಕಿ. ತೊಳೆದ ಮೇಲೆ ಒಲೆ ಮೇಲೆ ಇಟ್ಟು ಪೂರ್ತಿ ಒಣಗಿಸಿ, ಬಿಸಿ ಇರುವಾಗಲೇ ತೆಳುವಾಗಿ ಎಣ್ಣೆ ಸವರಿ.

—

ಯಾರೂ ಬ್ಲೀಚ್ ವಿಷಯ ಹೇಳಲಿಲ್ಲ, ನಾನು ಹೇಳುತ್ತೇನೆ. ಬ್ಲೀಚ್ ಜೊತೆ ವಿನೆಗರ್ ಅಥವಾ ನಿಂಬೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ. ನಮ್ಮ ಮನೆಯಲ್ಲೇ ಒಮ್ಮೆ ಹಾಗಾಗಿ ನಮ್ಮ ಅತ್ತೆ ಕೆಮ್ಮಿ ಕೆಮ್ಮಿ ಕಂಗಾಲಾಗಿದ್ದರು, ಕಿಟಕಿ ಬಾಗಿಲು ಎಲ್ಲ ತೆಗೆದು ಹೊರಗೆ ಕರ್ಕೊಂಡು ಹೋದೆವು. ಸ್ಟೀಲಿಗೂ ಬ್ಲೀಚ್ ಆಗಿಬರಲ್ಲ, ಗುಂಡಿ ಬೀಳುತ್ತೆ. ಪಾತ್ರೆಗೆ ಬ್ಲೀಚ್ ಬೇಡವೇ ಬೇಡ.

ಕಲಾಯಿ ಇರುವ ತಾಮ್ರ, ಹಿತ್ತಾಳೆ ಪಾತ್ರೆ ಸೀದರೆ ಬರೀ ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸಬೇಡಿ. ಕಲಾಯಿ ಅಂದರೆ ತವರ, 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಹಾಗಾಗಿ ಪಾತ್ರೆ ಸೀದಾಗಲೇ ಅದು ಜಾರಿ ಒಂದು ಕಡೆ ಗಡ್ಡೆ ಕಟ್ಟಿರಬಹುದು. ಕರಿ ಬಿಟ್ಟ ಮೇಲೆ ಬೆಳಕಿಗೆ ಹಿಡಿದು ನೋಡಿ. ಒಳಗೆ ಕೆಂಪೋ ಹಳದಿಯೋ ಇಣುಕುತ್ತಿದ್ದರೆ ಮತ್ತೆ ಕಲಾಯಿ ಹಾಕಿಸುವ ತನಕ ಅದರಲ್ಲಿ ಅಡಿಗೆ ಮಾಡಬೇಡಿ.

—

ಎರಡು ಸಲ ಕುದಿಸಿದೆ. ಅಂಗೈಯಗಲದ ಹಕ್ಕಳೆ ಒಂದೇ ಸಲಕ್ಕೆ ಎದ್ದು ಬಂತು! ಮಧ್ಯದಲ್ಲಿ ಕಾಸಗಲ ಉಳಿದಿದೆ. ಗುಂಡಿ ಏನೂ ಕಾಣುತ್ತಿಲ್ಲ. ನಾಳೆ ಇನ್ನೊಂದು ಸಲ ನಿಂಬೆ ಹಾಕಿ ಕುದಿಸುತ್ತೇನೆ.